ಹಾಗಿರಲಿ ಎನ್ನದವಳು

"ಇವತ್ತು ಸಭೆಗೆ ಎಷ್ಟು ಜನ ಬಂದಿದ್ರು?" ಒಲೆಯ ಮುಂದೆ ನಿಂತಿದ್ದ ರೋವನ್ ಕೇಳಿದಳು.

"ಐದು," ಅಂದ ಅವಳ ಅಪ್ಪ ರಾಲ್ಫ್, ಬೂಟು ಬಿಚ್ಚುತ್ತ.

"ನೀವು ಮೂರು ಜನಾನ ಬಿಟ್ಟಾ?"

"ನಾವು ಮೂರು ಜನಾನ ಸೇರಿಸಿ."

"ಡಗ್ಲಸ್ ಎಚ್ಚರ ಇದ್ರಾ?"

"ಅರ್ಧ."

"ಹಾಗಾದ್ರೆ ನಾಲ್ಕೂವರೆ ಅನ್ನು."

ರೋವನ್‌ಳ ಅಮ್ಮ ಜೂಡಿತ್ ನಗಲಿಲ್ಲ. ಕೋಟು ಕೂಡ ತೆಗೆಯದೆ ಕುರ್ಚಿಗೆ ಒರಗಿ, ಮರಗಟ್ಟಿದ ಬೆರಳುಗಳನ್ನು ಟೀ ಲೋಟಕ್ಕೆ ಸುತ್ತಿಕೊಂಡು ಕೂತಳು. ಥಾರ್ನ್‌ಗಿಲ್ಲಿನ ಸಭೆಮನೆ ಮುನ್ನೂರು ವರ್ಷದ ಕಲ್ಲುಕಟ್ಟಡ. ರಾಲ್ಫ್ ಬೆಳಿಗ್ಗೆಯೇ ಹೋಗಿ ಕಬ್ಬಿಣದ ಒಲೆ ಹೊತ್ತಿಸಿದರೂ ಹತ್ತೂವರೆಗೆ ಸಭೆ ಶುರುವಾಗುವಾಗ ಒಳಗೆ ಹನ್ನೊಂದು ಡಿಗ್ರಿ, ಮುಗಿಯುವಾಗ ಹದಿಮೂರು. ಅಕ್ಟೋಬರಿನಲ್ಲೇ ಹೀಗೆ. ಒಂದು ಗಂಟೆ ಅಲುಗಾಡದೆ ಕೂರುವವರಿಗೆ ಹದಿಮೂರು ಡಿಗ್ರಿ ಯಾವ ಮೂಲೆಗೂ ಸಾಲದು.

ಕ್ವೇಕರರೆಂಬ ಈ ಕ್ರೈಸ್ತ ಪಂಗಡದ ಸಭೆಯಲ್ಲಿ ಪಾದ್ರಿ ಇಲ್ಲ, ಹಾಡಿಲ್ಲ. ಬಂದವರು ಸುಮ್ಮನೆ ಕೂರುತ್ತಾರೆ. ಒಳಗಿನಿಂದ ಮಾತು ಎಬ್ಬಿಸಿದರೆ ಎದ್ದು ನಾಲ್ಕು ಮಾತು ಹೇಳುತ್ತಾರೆ, ಎಬ್ಬಿಸದಿದ್ದರೆ ಇಲ್ಲ. ಪಾದ್ರಿ ಇಲ್ಲವೆಂದ ಮಾತ್ರಕ್ಕೆ ಪಾದ್ರಿಯ ಕೆಲಸ ಇಲ್ಲವೆಂದಲ್ಲ. ಅದನ್ನು ಎಲ್ಲರೂ ಹಂಚಿಕೊಳ್ಳಬೇಕು. ಎಲ್ಲರೂ ಎಂದರೆ ಈಗ ಹಾರ್ಕರ್ ಮನೆಯವರು. ಚಾವಣಿ, ಒಲೆ, ಸಮಾಧಿ ಅಂಗಳದ ಹುಲ್ಲು ರಾಲ್ಫನ ಪಾಲು. ಎದುರು ಬೆಂಚಿನಲ್ಲಿ ಕೂತು, ಗಂಟೆ ಕಳೆದ ಮೇಲೆ ಪಕ್ಕದವರ ಕೈ ಕುಲುಕಿ ಸಭೆ ಮುಗಿಸುವ ಹಿರಿತನ ಅವನ ತಾಯಿ ವಿನಿಫ್ರೆಡ್‌ಳದು. ಮಿಕ್ಕಿದ್ದೆಲ್ಲ ಸಭೆಯ ಕಾರ್ಯ ನಡೆಸುವ ಕ್ಲರ್ಕ್ ಆದ ಜೂಡಿತ್‌ಳದು. ಮೂರು ವರ್ಷ ಮಾಡಿ ಬೇರೆಯವರಿಗೆ ದಾಟಿಸಬೇಕಾದ ಕೆಲಸ. ದಾಟಿಸಿಕೊಳ್ಳುವವರಿಲ್ಲದೆ ಅವಳು ಹನ್ನೊಂದು ವರ್ಷದಿಂದ ಮಾಡುತ್ತಿದ್ದಳು. ವಾರವಿಡೀ ಆಸ್ಪತ್ರೆಯಲ್ಲಿ ಮುರಿದ ಸೊಂಟದವರನ್ನು ನಡೆಸುವುದು, ಭಾನುವಾರ ಇದು.

ವಿನಿಫ್ರೆಡ್ ಟೋಪಿ ತೆಗೆದು, ಮೊಮ್ಮಗಳ ಪಕ್ಕಕ್ಕೆ ಬಂದು ಬಾಣಲೆಯೊಳಗೆ ಇಣುಕಿದಳು. ಎಂಬತ್ತೆರಡು ವಯಸ್ಸು, ಬೆನ್ನು ಇನ್ನೂ ನೆಟ್ಟಗೆ.

"ಒಳ್ಳೇ ಸಭೆ ಇವತ್ತು," ಅಂದಳು.

"ಯಾರೂ ಮಾತೇ ಆಡ್ಲಿಲ್ಲ," ಅಂದಳು ಜೂಡಿತ್.

"ಅದಕ್ಕೇ."

"ಮುಂದಿನ ವಾರ ಹೆಟ್ಟೀನ ಕರ್ಕೊಂಡ್ ಬರ್ಲಾ, ಅಜ್ಜಿ? ಆಗ ಮಾತಿರುತ್ತೆ," ಅಂದಳು ರೋವನ್.

ವಿನಿಫ್ರೆಡ್ ಬಾಣಲೆಯ ಉರಿ ತಗ್ಗಿಸಿದಳು. ರೋವನ್‌ಳ ಎರಡೂವರೆ ವರ್ಷದ ಮಗಳು ಹೆಟ್ಟಿ ಬೇಸಿಗೆಯಲ್ಲಿ ಒಮ್ಮೆ ಸಭೆಗೆ ಬಂದಿದ್ದಳು. ಹತ್ತು ನಿಮಿಷ ಎಲ್ಲರ ಮುಖ ನೋಡಿ, "ಯಾಕಮ್ಮಾ ಎಲ್ರೂ ಕೋಪ ಮಾಡ್ಕೊಂಡಿದಾರೆ?" ಎಂದು ಗಟ್ಟಿಯಾಗಿ ಕೇಳಿದ್ದಳು. ವಿನಿಫ್ರೆಡ್ ಕತ್ತು ತಿರುಗಿಸಿ ಒಂದು ಸಲ ನೋಡಿದ್ದಳು, ಅಷ್ಟೆ. ರೋವನ್ ಮತ್ತೆ ಬಂದಿರಲಿಲ್ಲ. ಆಮೇಲೆ ಅವಳಿಗೆ ಪಟ್ಟಣದ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು. ಭಾನುವಾರವೂ ಮಧ್ಯಾಹ್ನದಿಂದ ಪಾಳಿ.

"ಶನಿವಾರ ಡಿಲಿಸ್ ಬರ್ತಾಳೆ," ಜೂಡಿತ್ ಹೇಳಿದಳು. "ವಲಯದ ಕಚೇರಿಯಿಂದ. ಸಣ್ಣ ಸಭೆಗಳಿಗೆ ಸಹಾಯ ಮಾಡೋಕೆ ಅಂತಾನೇ ಇಟ್ಟಿದಾರೆ ಅವಳನ್ನ. ಊಟಕ್ಕೆ ಇಲ್ಲೇ ಇರ್ತಾಳೆ."

"ಒಲೆ ಹೊತ್ತಿಸೋಕೆ ಬರುತ್ತಾ ಅವಳಿಗೆ?" ಕೇಳಿದಳು ವಿನಿಫ್ರೆಡ್.

*

ಡಿಲಿಸ್‌ಗೆ ಒಲೆಯ ವಿಷಯ ಗೊತ್ತಿತ್ತೋ ಇಲ್ಲವೋ, ಮಾಂಸ ತಿನ್ನುತ್ತಿರಲಿಲ್ಲ. ಅದನ್ನು ಹೇಳುವುದನ್ನು ಜೂಡಿತ್ ಮರೆತಿದ್ದಳು. ವಿನಿಫ್ರೆಡ್ ಬೆಳಿಗ್ಗೆಯಿಂದ ಬೇಯಿಸಿದ ಕುರಿಯ ತೊಡೆ ಮೇಜಿನ ನಡುವೆ ಹಬೆಯಾಡುತ್ತಿತ್ತು. ಡಿಲಿಸ್ ಆಲೂಗಡ್ಡೆ, ಬಟಾಣಿ ಬಡಿಸಿಕೊಂಡು, "ಇಷ್ಟು ಸಾಕು, ನಿಜವಾಗ್ಲೂ ಸಾಕು," ಅಂದಳು.

"ಆಲೂಗಡ್ಡೆ ಕುರಿ ಕೊಬ್ಬಲ್ಲೇ ಹುರಿದಿದ್ದು," ಅಂದಳು ವಿನಿಫ್ರೆಡ್.

ರಾಲ್ಫ್ ಎದ್ದು ಬ್ರೆಡ್ ತಂದ.

ಡಿಲಿಸ್ ಐವತ್ತರ ಹೆಂಗಸು, ಯಾವುದಕ್ಕೂ ಬೇಜಾರು ಮಾಡಿಕೊಳ್ಳದ ಮುಖ. ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, "ನಿಮ್ಮ ಸಭೇಲಿ ಯಾವುದು ಭಾರ ಅನ್ಸುತ್ತೆ?" ಎಂದು ಕೇಳಿದಳು.

"ಚಾವಣಿ," ಅಂದ ರಾಲ್ಫ್.

"ಎಲ್ಲಾ," ಅಂದಳು ಜೂಡಿತ್. ಒಮ್ಮೆ ಬಾಯಿ ಬಿಟ್ಟ ಮೇಲೆ ಅವಳಿಗೆ ನಿಲ್ಲಿಸಲಾಗಲಿಲ್ಲ. ಐದು ಜನರಿಗೆ ಏಳು ಹುದ್ದೆ, ವಲಯದಿಂದ ಬರುವ ಸುತ್ತೋಲೆಗಳು, ಮಕ್ಕಳೇ ಇಲ್ಲದ ಕಡೆ ಮಕ್ಕಳ ಸುರಕ್ಷತೆಯ ವರದಿ, ಬೆಂಚಿನ ಮೇಲಿನ ಇಲಿ ಹಿಕ್ಕೆ. "ಭಾನುವಾರದ ಯೋಚನೇಲಿ ಶನಿವಾರ ರಾತ್ರಿ ನಿದ್ದೇನೇ ಬರಲ್ಲ."

"ವಿನಿಫ್ರೆಡ್, ನಿಮಗೆ?"

"ನನಗೇನು ಭಾರ? ಒಂದು ಗಂಟೆ ಕೂರೋದೂ ಭಾರಾನಾ?"

"ಕೂರೋದಲ್ಲ ವಿನಿಫ್ರೆಡ್, ಕೂರೋಕೆ ಮುಂಚೆ ಗುಡಿಸೋದು," ಅಂದಳು ಜೂಡಿತ್.

"ನಾನು ನಲವತ್ತು ವರ್ಷ ಗುಡಿಸಿದೆ. ಅದಕ್ಕೆ ಯಾರನ್ನೂ ಊಟಕ್ಕೆ ಕರೀಲಿಲ್ಲ."

ಡಿಲಿಸ್ ನಕ್ಕಳು. ಆಮೇಲೆ ನಿಧಾನವಾಗಿ ಹೇಳಿದಳು: ಸಭೆ ಉಳಿಯಬೇಕೆಂದರೆ ಅದು ಮಾಡುತ್ತ ಬಂದದ್ದೆಲ್ಲ ಉಳಿಯಬೇಕೆಂದೇನಿಲ್ಲ. ಬೇರೆ ಕಡೆ ಕೆಲವರು ಚಳಿಗಾಲದ ಮಟ್ಟಿಗೆ ಕಟ್ಟಡ ಮುಚ್ಚಿ, ವಾರದ ನಡುವೆ ಒಂದು ಸಂಜೆ ಯಾರದಾದರೂ ಮನೆಯಲ್ಲಿ ಸೇರುತ್ತಾರೆ. ಅರ್ಧ ಗಂಟೆ ಮೌನ, ಆಮೇಲೆ ಸೂಪು, ಬ್ರೆಡ್ಡು. ಮಕ್ಕಳು ಅಲ್ಲೇ ಓಡಾಡಿಕೊಂಡಿರುತ್ತವೆ. ವಸಂತಕ್ಕೆ ಮತ್ತೆ ಭಾನುವಾರ, ಸಭೆಮನೆ.

"ಬುಧವಾರ ಸಂಜೆ ನನಗೆ ರಜ," ಅಂದಳು ರೋವನ್.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಹೆಟ್ಟಿಯ ಬಾಯಿ ಒರೆಸುವ ನೆಪದಲ್ಲಿ ಮುಖ ತಗ್ಗಿಸಿದಳು. "ಹೇಳಿದೆ ಅಷ್ಟೆ."

"ಸೂಪು ಯಾರು ಮಾಡೋದು?" ಕೇಳಿದಳು ವಿನಿಫ್ರೆಡ್.

"ಸರದಿ ಮೇಲೆ ಮಾಡಬಹುದು," ಅಂದಳು ಡಿಲಿಸ್.

"ಈ ಮನೇಲಿ ಸರದಿ ಅಂದ್ರೆ ಜೂಡಿತ್."

ಆ ಮಾತು ಅತ್ತೆ ತನ್ನ ಪರವಾಗಿ ಆಡಿದ್ದೋ ವಿರುದ್ಧವಾಗಿ ಆಡಿದ್ದೋ ಜೂಡಿತ್‌ಗೆ ಗೊತ್ತಾಗಲಿಲ್ಲ. ತಟ್ಟೆಗಳನ್ನು ಎತ್ತಿದಳು.

*

ಅಕ್ಟೋಬರಿನ ಕೊನೆಯ ಭಾನುವಾರ, ಮೌನ ಮುಗಿದ ಮೇಲೆ ಆಡಳಿತದ ಸಭೆ. ಕ್ವೇಕರರಲ್ಲಿ ಮತ ಹಾಕುವುದಿಲ್ಲ, ಕೈ ಎತ್ತುವುದಿಲ್ಲ. ಎಲ್ಲರ ಮಾತು ಕೇಳಿ, ಸಭೆಯ ಮನಸ್ಸು ಎಲ್ಲಿ ನಿಂತಿದೆಯೆಂದು ಕ್ಲರ್ಕ್ ಗುರುತಿಸಿ, ಅಲ್ಲೇ ಠರಾವು ಬರೆದು ಓದಬೇಕು. ಒಪ್ಪಿದವರು "ಹಾಗಿರಲಿ" ಅನ್ನುತ್ತಾರೆ. ಒಬ್ಬರ ಮನಸ್ಸು ನಿಜವಾಗಿ ಒಪ್ಪದಿದ್ದರೂ ಸಾಕು, ಠರಾವು ಬಿದ್ದುಹೋಗುತ್ತದೆ.

ಕುರಿ ಸಾಕುವ ಡಗ್ಲಸ್, ಬೆಟ್ಟದ ರಸ್ತೆ ಹಿಮಗಟ್ಟಿದರೆ ತನ್ನ ಗಾಡಿ ಇಳಿಯುವುದಿಲ್ಲ ಅಂದ. ಹಿಂದೆ ಸಸ್ಯಶಾಸ್ತ್ರದ ಅಧ್ಯಾಪಕಿಯಾಗಿದ್ದ ಬಿಯಾಟ್ರಿಸ್, ಬುಧವಾರ ಪ್ರಯೋಗ ಮಾಡಿ ನೋಡಬಹುದು, ಪ್ರಯೋಗ ಅಂದಮೇಲೆ ಸೋತರೂ ನಷ್ಟವಿಲ್ಲ ಅಂದಳು. ರಾಲ್ಫ್ ಎರಡಕ್ಕೂ ತಲೆಯಾಡಿಸಿದ. ಜೂಡಿತ್ ಬರೆದಳು. ಎದ್ದು ನಿಂತು ಓದಿದಳು: ನವೆಂಬರಿನಿಂದ ಮಾರ್ಚಿನವರೆಗೆ ಭಾನುವಾರದ ಸಭೆ ಇರುವುದಿಲ್ಲ, ಬುಧವಾರ ಸಂಜೆ ಹಾರ್ಕರ್ ಮನೆಯ ಅಡುಗೆಮನೆಯಲ್ಲಿ ಸೇರುತ್ತೇವೆ.

"ಹಾಗಿರಲಿ," ಅಂದಳು ಬಿಯಾಟ್ರಿಸ್.

"ಹಾಗಿರಲಿ," ಅಂದ ಡಗ್ಲಸ್, ಶ್ರವಣಯಂತ್ರ ಒತ್ತಿಕೊಂಡು.

"ಹಾಗಿರಲಿ," ರಾಲ್ಫ್.

ಎದುರು ಬೆಂಚಿನಲ್ಲಿ ವಿನಿಫ್ರೆಡ್ ಕಣ್ಣು ಮುಚ್ಚಿ ಕೂತಿದ್ದಳು. ತುಟಿ ಬಿಗಿದಿತ್ತು. ಜೂಡಿತ್ ಅವಳನ್ನು ನೋಡಿದಳು. ಒಂದು ಉಸಿರು ಕಾದಳು. ಆಮೇಲೆ ಹಾಳೆ ಮಡಚಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ವಿನಿಫ್ರೆಡ್ ಪಕ್ಕದಲ್ಲಿದ್ದ ಬಿಯಾಟ್ರಿಸ್‌ಳ ಕೈ ಕುಲುಕಿದಳು. ಸಭೆ ಮುಗಿಯಿತು.

ಮನೆಗೆ ಬರುವಾಗ ಕಾರಿನಲ್ಲಿ ಜೂಡಿತ್ ಹಾಡು ಗುನುಗುತ್ತಿದ್ದಳು. ಹಿಂದಿನ ಸೀಟಿನಲ್ಲಿ ವಿನಿಫ್ರೆಡ್ ಕಿಟಕಿಯಾಚೆ ನೋಡುತ್ತಿದ್ದಳು.

*

ಮೊದಲ ಬುಧವಾರ ಈರುಳ್ಳಿ ಜಾತಿಯ ಲೀಕ್ ಮತ್ತು ಆಲೂಗಡ್ಡೆಯ ಸೂಪು. ಮಾಡಿದ್ದು ಜೂಡಿತ್. ವಿನಿಫ್ರೆಡ್ ಮೇಲೆ ತನ್ನ ಕೋಣೆಯಲ್ಲಿ ಇಸ್ತ್ರಿ ಮಾಡುತ್ತ ಕೂತಳು. ಮೌನದ ಅರ್ಧ ಗಂಟೆಯುದ್ದಕ್ಕೂ ಇಸ್ತ್ರಿ ಪೆಟ್ಟಿಗೆ ಹಲಗೆಗೆ ತಗಲುವ ಸದ್ದು ಕೆಳಗೆ ಕೇಳಿಸಿತು. ಹೆಟ್ಟಿ ಮೇಜಿನ ಕೆಳಗೆ ಕೂತು ಡಗ್ಲಸನ ಶೂ ಲೇಸು ಬಿಚ್ಚಿದಳು. ಡಗ್ಲಸ್ ಕಾಲು ಅಲುಗಾಡಿಸಲಿಲ್ಲ. ಊಟವಾದ ಮೇಲೆ, ಎಚ್ಚರವಾಗಿ ಸಭೆ ಮುಗಿಸಿ ಬಹಳ ದಿನವಾಗಿತ್ತು ಅಂದ.

ಆ ಭಾನುವಾರ ಹತ್ತು ಗಂಟೆಗೆ ಜೂಡಿತ್ ಡ್ರೆಸ್ಸಿಂಗ್ ಗೌನಿನಲ್ಲೇ ಕೆಳಗಿಳಿದು ಬಂದರೆ, ಸಭೆಮನೆಯ ಕೀಲಿಕೈ ಮೊಳೆಯಲ್ಲಿರಲಿಲ್ಲ. ವಿನಿಫ್ರೆಡ್‌ಳ ಬೂಟೂ ಇರಲಿಲ್ಲ. ಹನ್ನೆರಡರ ಸುಮಾರಿಗೆ ಅವಳು ಒದ್ದೆ ಕೋಟಿನಲ್ಲಿ ಬಂದಳು.

"ಎಲ್ಲಿಗೆ ಹೋಗಿದ್ರಿ?"

"ಸಭೆಗೆ."

"ಇವತ್ತು ಸಭೆ ಇರ್ಲಿಲ್ಲ."

"ಇತ್ತು. ನಾನು ಕೂತಿದ್ದೆ."

"ಒಬ್ಬರೇ ಕೂತ್ರೆ ಅದು ಸಭೆ ಅಲ್ಲ, ವಿನಿಫ್ರೆಡ್."

"ಐದು ಜನ ಕೂತಾಗ್ಲೂ ನೀನು ಹಾಗೇ ಅಂತಿದ್ದೆ."

"ಆ ಕೆಸರು ದಾರೀಲಿ ಒಂದೂವರೆ ಮೈಲಿ ನಡ್ಕೊಂಡು ಹೋಗಿದೀರ! ಬಿದ್ದು ಸೊಂಟ ಮುರಿದ್ರೆ ಯಾರು ನೋಡ್ಕೋಬೇಕು?"

"ಆಸ್ಪತ್ರೇಲಿ ನೀನೇ ಇದೀಯಲ್ಲ."

ಜೂಡಿತ್ ಪಾತ್ರೆಯನ್ನು ಸಿಂಕಿನಲ್ಲಿ ಕುಕ್ಕಿದಳು. "ಠರಾವು ಓದ್ದಾಗ ನೀವು ಎದುರಿಗೇ ಕೂತಿದ್ರಿ. ಬಾಯಿ ಬಿಟ್ಟು ಹೇಳಬಹುದಿತ್ತು."

"ನಾನು ಹಾಗಿರಲಿ ಅನ್ಲಿಲ್ಲ."

"ಬೇಡ ಅಂತಾನೂ ಅನ್ಲಿಲ್ಲ!"

"ಹೇಗೆ ಅನ್ಲಿ? ಬಾಯಿಗೆ ಬಂದಿದ್ದು ಸಿಟ್ಟು. ಒಳಗಿಂದ ಬಂದ ಮಾತು ಯಾವುದು, ಬರೀ ಸಿಟ್ಟು ಯಾವುದು ಅಂತ ಗೊತ್ತಾಗ್ದೆ ಇರೋವಾಗ ಎದ್ದು ನಿಲ್ಬಾರ್ದು. ನಮ್ಮಮ್ಮ ನನಗೆ ಕಲಿಸಿದ್ದು ಅದು. ನಾನು ರಾಲ್ಫ್‌ಗೆ ಕಲಿಸಿದ್ದೂ ಅದೇ."

"ಚೆನ್ನಾಗಿ ಕಲಿಸಿದೀರ. ಇವನು ಎಲ್ಲೂ ಎದ್ದು ನಿಲ್ಲಲ್ಲ."

ರಾಲ್ಫ್ ಆಲೂಗಡ್ಡೆ ಬಡಿಸುತ್ತಿದ್ದ. "ಗ್ರೇವಿ ಯಾರಿಗೆ?" ಅಂದ.

"ಹಾಗಾದ್ರೆ ಅಜ್ಜಿ, ಮನೇಲಿ ಮಾತ್ರ ಯಾಕೆ ದಿನಾ ಸಿಟ್ಟಲ್ಲೇ ಮಾತಾಡ್ತೀಯ?" ರೋವನ್ ಕೇಳಿದಳು.

"ಇದು ಮನೆ," ಅಂದಳು ವಿನಿಫ್ರೆಡ್, ಅದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲವೆಂಬಂತೆ.

*

ಮುಂದಿನ ಭಾನುವಾರವೂ ಅವಳು ಹೋದಳು, ಅದರ ಮುಂದಿನ ಭಾನುವಾರವೂ. ಜೂಡಿತ್ ಬಯಸಿದ್ದ ಭಾನುವಾರ ಜೂಡಿತ್‌ಗೆ ಸಿಗಲಿಲ್ಲ. ಹಾಸಿಗೆಯಲ್ಲಿದ್ದರೂ ಕಿವಿ ಮುಂಬಾಗಿಲ ಸದ್ದಿಗೆ. ಕೊನೆಗೆ ಒಂದು ದಿನ ತಡೆಯಲಾರದೆ ಕಾರು ತೆಗೆದುಕೊಂಡು ಹಿಂದೆಯೇ ಹೋದಳು. ಒಳಗೆ ಹೋಗಲಿಲ್ಲ, ಕಲ್ಲುಗೋಡೆಯ ಪಕ್ಕ ನಿಲ್ಲಿಸಿ ನೋಡಿದಳು. ಸಭೆಮನೆಯ ಹೊಗೆಕೊಳವೆಯಿಂದ ನೆಟ್ಟಗೆ ಹೊಗೆ ಏಳುತ್ತಿತ್ತು.

ಅತ್ತೆ ನಡೆದು ಬಂದು ತಲುಪಿ ಹತ್ತು ನಿಮಿಷವಾಗಿರಬೇಕು. ಆ ಒಲೆ ಹೀಗೆ ಉರಿಯಬೇಕಾದರೆ ಎರಡು ಗಂಟೆ ಮೊದಲೇ ಹೊತ್ತಿಸಬೇಕು. ಜೂಡಿತ್ ಮನೆ ಕಡೆ ಗಾಡಿ ತಿರುಗಿಸಿದಳು.

ರಾಲ್ಫ್ ಹಿತ್ತಲಲ್ಲಿ ತನ್ನ ಕೆಲಸದ ಗಾಡಿಗೆ ಏಣಿ ಕಟ್ಟುತ್ತಿದ್ದ. ಎಲೆಕ್ಟ್ರಿಷಿಯನ್ ಆದ್ದರಿಂದ ಅವನ ಅಂಗಿಯ ತೋಳು ಯಾವಾಗಲೂ ಕೊಳೆ. ಅದರಲ್ಲಿ ಒಲೆಯ ಮಸಿಯೂ ಇದೆಯೆಂದು ಅವಳಿಗೆ ಇಷ್ಟು ದಿನ ಹೊಳೆದಿರಲಿಲ್ಲ.

"ಬ್ರೆಡ್ ತರೋಕೆ ಅಂತ ಎಂಟು ಗಂಟೆಗೆ ಹೋಗ್ತಿದ್ದೆಯಲ್ಲ, ಎಲ್ಲಿ ಬ್ರೆಡ್ಡು?"

ಅವನು ಹಗ್ಗ ಬಿಗಿದ.

"ನೀನು ಹಾಗಿರಲಿ ಅಂದೆ, ರಾಲ್ಫ್. ನನ್ನ ಕಿವಿಯಾರ ಕೇಳಿದೀನಿ."

"ಅಂದೆ."

"ಮತ್ತೆ?"

"ಮತ್ತೇನು, ನಮ್ಮಮ್ಮ ಚಳೀಲಿ ನಡುಗ್ತಾ ಕೂತಿರ್ಬೇಕಾದ್ರೆ ನಾನು ಠರಾವು ಓದ್ಕೊಂಡಿರ್ಲಾ?"

"ಒಲೆ ಆರಿದ್ರೆ ತಾನೇ ಅವರು ನಿಲ್ಲಿಸೋದು! ನೀನು ಹೊತ್ತಿಸ್ತಾ ಇರು, ಅವರು ಹೋಗ್ತಾ ಇರ್ಲಿ, ನಾನು ಇಬ್ಬರಿಗೂ ಕಾಯ್ತಾ ಇರ್ತೀನಿ. ಆ ದಿನಾನೇ ಬೇಡ ಅನ್ನೋಕೆ ಏನಾಗಿತ್ತು ನಿನಗೆ?"

"ನಿನ್ನ ಮುಖ ನೋಡಿದೆ. ಹನ್ನೊಂದು ವರ್ಷದಲ್ಲಿ ಮೊದಲ್ನೇ ಸಲ ನೀನು ಅಲ್ಲಿ ಉಸಿರಾಡ್ತಿದ್ದೆ." ಅವನು ಏಣಿ ಬಿಟ್ಟು ತಿರುಗಿದ. "ನೀನೂ ನೋಡ್ದೆ, ಜೂಡಿತ್. ಅಮ್ಮ ಬಾಯಿ ಬಿಡ್ಲಿಲ್ಲ ಅಂತ ನೋಡ್ದೆ. ನೋಡೀನೇ ಹಾಳೆ ಮಡಚಿದೆ."

ಜೂಡಿತ್ ಅವನಿಗೆ ಬೆನ್ನು ತಿರುಗಿಸಿದಳು. ಒಳಗೆ ಹೋಗಿ ಹೆಟ್ಟಿಯ ಒಗೆದ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ಒಣಹಾಕಿದಳು. ಬೇಕಾದ್ದಕ್ಕಿಂತ ಜೋರಾಗಿ ಕೊಡವಿದಳು.

*

ನವೆಂಬರ್ ಮುಗಿಯುವ ಹೊತ್ತಿಗೆ ವಿನಿಫ್ರೆಡ್‌ಗೆ ಕೆಮ್ಮು ಹಿಡಿಯಿತು. ಜೂಡಿತ್ ಆಸ್ಪತ್ರೆಯಲ್ಲಿ ರೋಗಿಗಳಿಗೆ ಮಾಡುವಂತೆ ಅವಳನ್ನು ಮಗ್ಗುಲಾಗಿ ಮಲಗಿಸಿ ಬೆನ್ನು ತಟ್ಟಿದಳು.

"ಮೆತ್ತಗೆ," ಅಂದಳು ವಿನಿಫ್ರೆಡ್. "ಕಂಬಳಿ ಧೂಳು ಹೊಡೀತಿದೀಯ ಅನ್ಕೊಂಡ್ಯಾ?"

"ಕಫ ಬರ್ಬೇಕಂದ್ರೆ ಹೀಗೇ ತಟ್ಬೇಕು. ಉಸಿರು ಎಳ್ಕೊಳ್ಳಿ. ಬಿಡಿ."

"ನಿನಗೆ ಇದ್ರಲ್ಲಿ ಖುಷಿ ಇದೆ."

"ಸ್ವಲ್ಪ ಇದೆ. ಎಳ್ಕೊಳ್ಳಿ."

ಆ ಭಾನುವಾರ ವಿನಿಫ್ರೆಡ್ ಹೊರಡಲಿಲ್ಲ. ರೋವನ್ ಪಾಳಿಗೆ ಹೋಗುವ ಮುಂಚೆ ಟೋಸ್ಟು, ಮೊಟ್ಟೆ ತೆಗೆದುಕೊಂಡು ಮೇಲೆ ಹೋದಳು.

"ಅಜ್ಜಿ, ಅಲ್ಲಿ ಒಬ್ಬಳೇ ಕೂತು ಏನ್ಮಾಡ್ತಿದ್ದೆ?"

"ಮೊದಲ ವಾರ ನಿಮ್ಮಮ್ಮನ್ನ ಬೈಕೊಂಡು ಕೂತಿದ್ದೆ. ಎರಡನೇ ವಾರಾನೂ."

"ಆಮೇಲೆ?"

ವಿನಿಫ್ರೆಡ್ ಮೊಟ್ಟೆಯ ತಲೆ ಒಡೆದು, ಚಿಪ್ಪನ್ನು ಚೂರು ಚೂರಾಗಿ ತಟ್ಟೆಯ ಅಂಚಿಗೆ ಸರಿಸಿದಳು. "ಆಮೇಲೆ ಬೈಗುಳಾನೂ ಮುಗೀತು. ಮೌನ ಸಿಕ್ತು, ಒಳ್ಳೇ ಮೌನಾನೇ. ಗಂಟೆ ಆಯ್ತು ಅನ್ನಿಸ್ತು. ಕೈ ಕುಲುಕೋಕೆ ಅಂತ ತಿರುಗಿದೆ ನೋಡು, ಪಕ್ಕದಲ್ಲಿ ಯಾರೂ ಇಲ್ಲ. ಚಾಚಿದ ಕೈ ಏನ್ಮಾಡ್ಬೇಕೋ ಗೊತ್ತಾಗ್ಲಿಲ್ಲ. ಸಭೆ ಮುಗಿಸೋಕೇ ಆಗ್ಲಿಲ್ಲ. ಎಷ್ಟೋ ಹೊತ್ತು ಹಾಗೇ ಕೂತಿದ್ದೆ."

ರೋವನ್ ಹಾಸಿಗೆಯ ಅಂಚಿನಲ್ಲಿ ಕೂತಳು. "ಬುಧವಾರ ಕೆಳಗೆ ಬಾ. ಹೆಟ್ಟಿ ಕೈ ಕುಲುಕ್ತಾಳೆ. ಜಾಮ್ ಅಂಟ್ಕೊಂಡಿರುತ್ತೆ, ಅಷ್ಟೆ."

"ಅದು ಸಭೆ ಅಲ್ಲ, ಊಟ."

"ಹೆಟ್ಟೀನ ಕರ್ಕೊಂಡು ನನಗೆ ಬರೋಕಾಗೋದು ಅದೊಂದಕ್ಕೇ. ನಾನು ಬರೋದು ನಿನಗೆ ಬೇಕಾ, ಬೇಡ್ವಾ?"

"ಉಪ್ಪು ತಂದಿಲ್ಲ ನೀನು," ಅಂದಳು ವಿನಿಫ್ರೆಡ್.

*

ಡಿಸೆಂಬರಿನ ಮೊದಲ ಬುಧವಾರ ಆಡಳಿತದ ಸಭೆ, ಅಡುಗೆಮನೆಯಲ್ಲೇ. ಆಡಳಿತದ ಸಭೆಯೆಂದ ಮೇಲೆ ತಪ್ಪಿಸಬಾರದೆಂದು ವಿನಿಫ್ರೆಡ್ ಶಾಲು ಹೊದ್ದು ಇಳಿದು ಬಂದಳು. ಸೇರಿದ್ದವರನ್ನು ಒಮ್ಮೆ ನೋಡಿ ಕುರ್ಚಿಯನ್ನು ಮೇಜಿನಿಂದ ಸ್ವಲ್ಪ ದೂರಕ್ಕೆ ಎಳೆದುಕೊಂಡು ಕೂತಳು. ಬೇಳೆಯ ಸೂಪು ಒಲೆಯ ಮೇಲೆ ಕುದಿಯುತ್ತಿತ್ತು.

ಜೂಡಿತ್ ಎದ್ದು ನಿಂತಳು.

"ಅಕ್ಟೋಬರ್ ಠರಾವು ಸರಿಯಿಲ್ಲ," ಅಂದಳು. "ಎಲ್ರೂ ಒಪ್ಪಿದಾರೆ ಅಂತ ಬರೆದೆ. ಒಬ್ಬರು ಒಪ್ಪಿರ್ಲಿಲ್ಲ. ಅದು ನನಗೆ ಕಾಣಿಸ್ತು. ಕೇಳಿದ್ರೆ ಬೇಡ ಅಂತಾರೆ ಅಂತ ನಾನು ಕೇಳ್ಲಿಲ್ಲ. ಹಾಗಾಗಿ ಅದು ರದ್ದು. ಇನ್ನೊಂದು ಮಾತು. ಇವತ್ತಿಂದ ನಾನು ಕ್ಲರ್ಕ್ ಅಲ್ಲ. ಬೇರೆಯವರು ಸಿಗೋವರೆಗೆ ಅಂತ ಹನ್ನೊಂದು ವರ್ಷ ಮಾಡಿದೆ. ಸಾಕು."

ಅವಳು ಪೆನ್ನನ್ನು ಮೇಜಿನ ನಡುವೆ, ಉಪ್ಪಿನ ಡಬ್ಬಿಯ ಪಕ್ಕ ಇಟ್ಟು ಕೂತಳು.

ಬಿಯಾಟ್ರಿಸ್ ತನ್ನ ಉಗುರು ನೋಡಿಕೊಂಡಳು. ಡಗ್ಲಸ್ ಶ್ರವಣಯಂತ್ರ ಕೆಟ್ಟವನಂತೆ ಕೂತ. ರಾಲ್ಫ್ ಸೂಪು ಕದಡಲು ಎದ್ದ. ಕ್ಲರ್ಕ್ ಇಲ್ಲದಿದ್ದರೆ ಬರೆಯುವವರಿಲ್ಲ, ಬರೆಯದಿದ್ದರೆ ಥಾರ್ನ್‌ಗಿಲ್ ಸಭೆ ಇಲ್ಲ. ಎಲ್ಲರಿಗೂ ಅದು ಗೊತ್ತಿತ್ತು.

"ಕೊಡು ಇಲ್ಲಿ," ಅಂದಳು ವಿನಿಫ್ರೆಡ್.

"ಅಮ್ಮ—"

"ನನಗೆ ಬರೆಯೋಕೆ ಬರುತ್ತೆ, ರಾಲ್ಫ್. ಕನ್ನಡಕ ಕೊಡು."

ಅವಳ ಮನಸ್ಸಿನಲ್ಲಿ ಏನಿತ್ತೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಭಾನುವಾರ, ಹತ್ತೂವರೆ, ಸಭೆಮನೆ. ಹಾಳೆಯ ಮೇಲೆ ದಿನಾಂಕ ಬರೆದಳು. ಆಮೇಲೆ ಪೆನ್ನು ನಿಂತಿತು. ತನಗೆ ಬೇಕಾದ್ದನ್ನು ಬರೆಯುವುದು ಕ್ಲರ್ಕಿನ ಕೆಲಸವಲ್ಲ. ಮೊದಲು ಕೇಳಬೇಕು.

"ಡಗ್ಲಸ್," ಅಂದಳು. "ಚಳಿಗಾಲದಲ್ಲಿ ಭಾನುವಾರ ಬೇಕಾ?"

"ಇಷ್ಟು ವರ್ಷ ನೀನು ಒಬ್ಬಳೇ ಆಗ್ತೀಯ ಅಂತ ಬರ್ತಿದ್ದೆ, ವಿನಿಫ್ರೆಡ್. ನನ್ನ ಮಂಡಿ ಬೇಡ ಅನ್ನುತ್ತೆ."

"ಮಂಡಿ ಸಭೆಯ ಸದಸ್ಯ ಅಲ್ಲ. ನೀನು?"

"ನಾನೂ ಬೇಡ ಅಂತೀನಿ."

"ಬಿಯಾಟ್ರಿಸ್?"

"ಆ ಕೋಣೆ ನೆನಪಾಗುತ್ತೆ. ಆದ್ರೆ ಇಲ್ಲಿ ನನಗೆ ಕಾಲು ಬೆಚ್ಚಗಿರುತ್ತೆ. ಬುಧವಾರ."

"ರೋವನ್?"

"ಗೊತ್ತಲ್ಲ ಅಜ್ಜಿ."

"ಬಾಯಲ್ಲಿ ಹೇಳು."

"ಬುಧವಾರ."

"ರಾಲ್ಫ್?"

ರಾಲ್ಫ್ ಸೌಟು ಹಿಡಿದು ನಿಂತಿದ್ದ. ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ. ಐವತ್ತೆಂಟು ವರ್ಷದ ಗಂಡಸಿನ ಕಿವಿ ಕೆಂಪಾಯಿತು. "ಅಮ್ಮ, ನನಗೆ ಭಾನುವಾರ ನಿದ್ದೆ ಮಾಡ್ಬೇಕು," ಅಂದ.

ಡಗ್ಲಸ್ ನಕ್ಕ. ವಿನಿಫ್ರೆಡ್ ನಗಲಿಲ್ಲ. ಹಾಳೆಯ ಮೇಲೆ ಬಗ್ಗಿದಳು. ಬರೆಯುವುದು ಬಹಳ ಹೊತ್ತು ಹಿಡಿಯಿತು; ಎರಡು ಸಲ ಹೊಡೆದು ಹಾಕಿದಳು, ಒಂದು ಸಲ ಪೆನ್ನು ಹಾಳೆಯನ್ನು ಹರಿಯಿತು. ಎದ್ದು ನಿಂತು ಓದುವಾಗ ಧ್ವನಿ ಕೆಮ್ಮಿನಿಂದ ಒಡೆದಿತ್ತು. ಮಾರ್ಚಿನವರೆಗೆ ಭಾನುವಾರದ ಸಭೆ ನಿಲ್ಲಿಸಿದ್ದೇವೆ. ಸಭೆಮನೆಯ ಒಲೆ ಹೊತ್ತಿಸುವುದಿಲ್ಲ. ಬುಧವಾರ ಇಲ್ಲಿ ಸೇರುತ್ತೇವೆ. ಸೂಪು ನಿಜವಾಗಿಯೂ ಸರದಿಯ ಮೇಲೆ. ವಿನಿಫ್ರೆಡ್ ಹಾರ್ಕರ್‌ಗೆ ಇದರಿಂದ ದುಃಖವಾಗಿದೆ. ಆದರೂ ಅವಳು ಇದನ್ನು ತಡೆಯುವುದಿಲ್ಲ.

"ಹಾಗಿರಲಿ," ಅಂದಳು ಬಿಯಾಟ್ರಿಸ್. "ಹಾಗಿರಲಿ," ಡಗ್ಲಸ್. "ಹಾಗಿರಲಿ," ರಾಲ್ಫ್, ರೋವನ್. ಮೇಜಿನ ಕೆಳಗಿನಿಂದ ಹೆಟ್ಟಿಯೂ ಅಂದಳು.

ವಿನಿಫ್ರೆಡ್ ಕೂರಲಿಲ್ಲ.

"ಜೂಡಿತ್. ನಿನ್ನ ಬಾಯಿಂದ ಕೇಳಿಲ್ಲ ನಾನು."

ಜೂಡಿತ್ ಮೇಜು ನೋಡುತ್ತಿದ್ದಳು. "ನನಗೆ ಬೇಕಾದ ಹಾಗೆ ಬರೆದಿದೀರ. ನಾನೇನು ಹೇಳ್ಬೇಕು?"

"ಬೇಕೋ ಬೇಡ್ವೋ ಹೇಳ್ಬೇಕು."

"ನಾನು ಬೇಕು ಅಂದ್ರೆ ನೀವು ಭಾನುವಾರ ಬೆಳಿಗ್ಗೆ—"

"ಅದು ನನ್ನ ಪಾಡು. ಸುಮ್ಮನೆ ಕೂತವರು ಒಪ್ಪಿದಾರೆ ಅಂತ ನಾನು ಬರ್ಕೊಳ್ಳಲ್ಲ. ಸೂಪು ತಳ ಹತ್ತಿದ್ರೂ ಪರವಾಗಿಲ್ಲ, ನಿಂತಿರ್ತೀನಿ."

ಸೂಪು ತಳ ಹತ್ತುವ ವಾಸನೆ ಆಗಲೇ ಬರುತ್ತಿತ್ತು. ರಾಲ್ಫ್ ಅಲುಗಾಡಲಿಲ್ಲ.

"ಹಾಗಿರಲಿ," ಅಂದಳು ಜೂಡಿತ್. ಅನ್ನುವಾಗ ಅವಳಿಗೆ ಯಾಕೋ ಅತ್ತೆಯ ಮೇಲೆ ಹಿಂದೆಂದೂ ಬಂದಿರದಷ್ಟು ಸಿಟ್ಟು ಬಂತು.

*

ಭಾನುವಾರ ಹತ್ತು ಗಂಟೆಗೆ ವಿನಿಫ್ರೆಡ್ ಅಡುಗೆಮನೆಯಲ್ಲಿ ನೆಲ್ಲಿಕಾಯಿ ಗಾತ್ರದ ಕೋಸುಮೊಗ್ಗುಗಳ ಹೊರ ಎಲೆ ಬಿಡಿಸುತ್ತ ಕೂತಿದ್ದಳು. ಒಂದೊಂದನ್ನೂ ಪಾತ್ರೆಗೆ ಎಸೆಯುತ್ತಿದ್ದಳು. ಜೂಡಿತ್ ವಾಕಿಂಗಿಗೆ ಹೊರಟು ಟೋಪಿ ಹುಡುಕುತ್ತಿದ್ದಳು. ರಾಲ್ಫ್ ಮೇಲೆ ಗೊರಕೆ ಹೊಡೆಯುತ್ತಿದ್ದ.

"ಹೊರಡು, ಹೊರಡು," ಅಂದಳು ವಿನಿಫ್ರೆಡ್. "ಅಷ್ಟೆಲ್ಲಾ ಮಾಡಿ ಗಿಟ್ಟಿಸ್ಕೊಂಡ ಭಾನುವಾರ."

"ಬರೆದವರು ನೀವು."

"ಗೊತ್ತು. ಅದಕ್ಕೇ ಯಾರ ಮೇಲೂ ಸಿಟ್ಟು ಮಾಡ್ಕೊಳ್ಳೋ ಹಾಗೂ ಇಲ್ಲ."

"ಈಗ ಮಾಡ್ತಿರೋದು ಏನು ಮತ್ತೆ?"

"ಕೋಸುಮೊಗ್ಗು."

ಜೂಡಿತ್ ಟೋಪಿ ಸಿಕ್ಕಿದರೂ ಹಾಕಿಕೊಳ್ಳಲಿಲ್ಲ. ಪಾತ್ರೆಯೊಳಗೆ ನೋಡಿದಳು. "ಅರ್ಧ ಎಲೆ ಬಿಸಾಕಿದೀರ. ಏನುಳೀತು ಅದ್ರಲ್ಲಿ?"

"ಅರವತ್ತು ವರ್ಷದಿಂದ ಹೀಗೇ ಬಿಡಿಸ್ತಿರೋದು."

"ಅರವತ್ತು ವರ್ಷದಿಂದಲೂ ಬಿಸಾಕ್ತಿದೀರ. ಇಲ್ಲಿ ಕೊಡಿ."

"ನಿನ್ನ ವಾಕಿಂಗ್?"

"ಬೆಟ್ಟ ಎಲ್ಲಿಗೂ ಓಡ್ಹೋಗಲ್ಲ. ಚಾ ಇದ್ಯಾ?"

"ಕೆಟಲ್ ಅಲ್ಲಿದೆ. ನಾನು ನಿನ್ನ ಸಭೆಯ ಕ್ಲರ್ಕು, ಅಡುಗೆಯವಳಲ್ಲ."

"ಕ್ಲರ್ಕ್ ಆದಮೇಲೆ ವಲಯದ ಸುತ್ತೋಲೆ ಓದ್ಬೇಕು, ಗೊತ್ತಾ? ಹದಿನಾಲ್ಕು ಪುಟ ಇದೆ. ಮಕ್ಕಳ ಸುರಕ್ಷತೆ."

"ಯಾವ ಮಕ್ಕಳು?"

ಹೆಟ್ಟಿ ಕಸದ ಬುಟ್ಟಿಯಿಂದ ಎಲೆಗಳನ್ನು ಎತ್ತಿ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದಳು. ಇಬ್ಬರೂ ಒಟ್ಟಿಗೇ ಅವಳನ್ನು ಗದರಿದರು. ಗದರುವುದು ಯಾರ ಕೆಲಸ, ಬುಟ್ಟಿಯನ್ನು ಅಲ್ಲಿಟ್ಟವರು ಯಾರು ಎಂಬುದರ ಮೇಲೆ ಇನ್ನೊಂದು ಜಗಳ ಶುರುವಾಯಿತು. ಗೋಡೆಯ ಗಡಿಯಾರ ಹತ್ತೂವರೆ ದಾಟಿದ್ದು ಇಬ್ಬರ ಗಮನಕ್ಕೂ ಬರಲಿಲ್ಲ. ಜೂಡಿತ್ ಮದುವೆಯಾಗಿ ಬಂದ ಮೂವತ್ತು ವರ್ಷದಲ್ಲಿ, ಭಾನುವಾರ ಮೌನದ ಆ ಹೊತ್ತಿನಲ್ಲಿ ಅತ್ತೆ ಸೊಸೆ ಒಬ್ಬರಿಗೊಬ್ಬರು ಬಾಯಿ ತೆರೆದದ್ದು ಅದೇ ಮೊದಲು.